ಎದೆಯಲ್ಲಿ ಉಳಿದ ವಚನ: ಕ್ರೈಸ್ತ ಆರಾಧನೆಯಲ್ಲಿ ಕಂಠಪಾಠದ ಚರಿತ್ರೆ

ಹಬಶದ ದೊರೆ ನಜ್ಜಾಶಿಯವರ ಆಸ್ಥಾನದಲ್ಲಿ ಹಝ್ರತ್ ಜಅ್‌ಫರ್ ಬಿನ್ ಅಬೂತಾಲಿಬ್(ರ)ರವರು ಸೂರಃ ಮರ್ಯಮ್‌ನ ಆರಂಭದ ವಚನಗಳನ್ನು ಓದಿ ಕೇಳಿಸಿದ ಪ್ರಸಂಗವನ್ನು ಅರಿಯದ ಮುಸ್ಲಿಮ್ ಕುಟುಂಬ ವಿರಳ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಸಮುದ್ರ ದಾಟಿ ಆಶ್ರಯ ಬೇಡಿದ್ದ ಆ ಸಣ್ಣ ಸಮೂಹದ ಭವಿಷ್ಯವು ಅಂದು ಒಬ್ಬ ಕ್ರೈಸ್ತ ದೊರೆಯ ತೀರ್ಪಿನ ಮೇಲೆ ನಿಂತಿತ್ತು. ನಿಮ್ಮ ಪ್ರವಾದಿ ತಂದಿರುವುದರಲ್ಲಿ ಏನಾದರೂ ನಿಮ್ಮ ಬಳಿ ಇದೆಯೇ ಎಂದು ದೊರೆ ಕೇಳಿದಾಗ ಜಅ್‌ಫರ್(ರ)ರವರು ತಮ್ಮ ಎದೆಯಲ್ಲಿ ಹೊತ್ತು ತಂದಿದ್ದ ವಚನಗಳನ್ನು ಓದಿದರು. ದೊರೆಯ ಗಡ್ಡವು ಕಣ್ಣೀರಿನಿಂದ ತೋಯ್ದಿತು. ಸುತ್ತಲಿದ್ದ ಧರ್ಮಾಧ್ಯಕ್ಷರ ಕಣ್ಣೀರು ಅವರ ಮುಂದೆ ತೆರೆದಿದ್ದ ಗ್ರಂಥಗಳನ್ನು ತೋಯಿಸಿತೆಂದು ಉಮ್ಮು ಸಲಮಾ(ರ)ರವರ ವರದಿ ತಿಳಿಸುತ್ತದೆ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಕುರ್‌ಆನಿನ ಪ್ರಭಾವಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಇಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಕೇಳಿದವರ ಹೃದಯವು ಅಷ್ಟು ಬೇಗ ಕರಗಲು ಕಾರಣವೇನು? ಬಾಯಿಪಾಠದಿಂದ ಹೊಮ್ಮುವ ದೇವವಚನವನ್ನು ಕೇಳಿ ಅಳುವುದು ಅವರಿಗೆ ಹೊಸ ಅನುಭವವಾಗಿತ್ತೇ? ಚರಿತ್ರೆಯನ್ನು ತೆರೆದು ನೋಡಿದರೆ ಹಾಗಿರಲಿಲ್ಲವೆಂದು ಕಾಣುತ್ತದೆ. ಅದಕ್ಕೂ ಮೂರು ಶತಮಾನಗಳ ಮೊದಲೇ ಈಜಿಪ್ಟ್ ಮತ್ತು ಫೆಲೆಸ್ತೀನಿನ ಕ್ರೈಸ್ತರಲ್ಲಿ ಗ್ರಂಥವನ್ನು ಕಂಠಸ್ಥಗೊಳಿಸಿ, ಅದರಿಂದಲೇ ರಾತ್ರಿಯ ಆರಾಧನೆಯನ್ನು ನಡೆಸುವ ಪರಂಪರೆ ಬೆಳೆದಿತ್ತು. ಗ್ರಂಥದವರೆಲ್ಲರೂ ಸಮಾನರಲ್ಲ, ಅವರಲ್ಲಿ ರಾತ್ರಿಯ ವೇಳೆ ದೇವವಚನಗಳನ್ನು ಓದುತ್ತಾ ಸಾಷ್ಟಾಂಗವೆರಗುವ ಒಂದು ನೇರ ಸಮೂಹವಿದೆ ಎಂದು ಸೂರಃ ಆಲಿ ಇಮ್ರಾನ್ ಹೇಳುತ್ತದೆ. ಆ ಪರಂಪರೆಯ ಚರಿತ್ರೆಯನ್ನು ಅರಿಯುವುದು, ಹಾಫಿಝ್‌ಗಳ ಸಮುದಾಯವೆಂದು ಹೆಮ್ಮೆಪಡುವ ನಮಗೆ ಕನ್ನಡಿ ನೋಡಿಕೊಂಡಂತೆ.

ದಾವೂದರ ಗೀತೆಗಳು

ಕ್ರೈಸ್ತ ಕಂಠಪಾಠದ ಕೇಂದ್ರದಲ್ಲಿದ್ದುದು ಕೀರ್ತನೆಗಳ ಗ್ರಂಥ. ಅದರಲ್ಲಿ 150 ಕೀರ್ತನೆಗಳಿವೆ. ಯಹೂದಿ ಆರಾಧನೆಯಿಂದ ಕ್ರೈಸ್ತರಿಗೆ ಬಂದ ಈ ಗ್ರಂಥವನ್ನು ಅವರು ದಾವೂದ್(ಅ)ರ ಹೆಸರಿನೊಂದಿಗೆ ಸ್ಮರಿಸುತ್ತಾರೆ. ದಾವೂದರಿಗೆ ಝಬೂರ್ ನೀಡಲಾಯಿತೆಂದು ನಾವೂ ನಂಬುತ್ತೇವೆ. ಇಂದು ಅವರ ಕೈಯಲ್ಲಿರುವ ಪಾಠವು ಅವತೀರ್ಣಗೊಂಡ ಝಬೂರ್‌ನ ಯಥಾವತ್ ರೂಪವೆಂದು ನಮ್ಮ ವಿಶ್ವಾಸವು ಒಪ್ಪುವುದಿಲ್ಲ. ಆದರೆ ಗ್ರಂಥದ ಪಾಠದ ಚರ್ಚೆ ಬೇರೆ, ಆ ಗ್ರಂಥದೊಂದಿಗೆ ಜನರು ಬದುಕಿದ ಬಗೆಯ ಚರಿತ್ರೆ ಬೇರೆ. ಇಲ್ಲಿ ನಾವು ನೋಡಹೊರಟಿರುವುದು ಎರಡನೆಯದನ್ನು.

ಸ್ತುತಿ, ಪಶ್ಚಾತ್ತಾಪ, ಭಯ, ಕೃತಜ್ಞತೆ, ಆಪತ್ತಿನಲ್ಲಿ ಮೊರೆ, ಹೀಗೆ ಮನುಷ್ಯನು ತನ್ನ ಪ್ರಭುವಿನ ಮುಂದೆ ನಿಂತಾಗ ಹೇಳಬೇಕಾದ ಬಹುತೇಕ ಎಲ್ಲ ಮಾತುಗಳೂ ಕೀರ್ತನೆಗಳಲ್ಲಿವೆ. ಆದುದರಿಂದ ಅವು ಓದುವ ಗ್ರಂಥವಾಗಿರುವುದಕ್ಕಿಂತ ಹೆಚ್ಚಾಗಿ ಪ್ರಾರ್ಥಿಸುವ ಗ್ರಂಥವಾದವು. ಕತ್ತಲಲ್ಲಿ ಏಳುವವನಿಗೆ, ಹೊಲದಲ್ಲಿ ದುಡಿಯುವವನಿಗೆ, ರೋಗಶಯ್ಯೆಯಲ್ಲಿರುವವನಿಗೆ ಪುಸ್ತಕ ತೆರೆದು ಪ್ರಾರ್ಥಿಸುವ ಅವಕಾಶವಿರುವುದಿಲ್ಲ. ಅಲ್ಲದೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಗ್ರಂಥವನ್ನು ಮನೆಯಲ್ಲಿಟ್ಟುಕೊಳ್ಳುವ ಶಕ್ತಿ ಬಡವರಿಗೆ ಇರಲಿಲ್ಲ. ಅವರ ಪಾಲಿಗೆ ಗ್ರಂಥವೆಂದರೆ ಕಿವಿಯಿಂದ ಕೇಳಿ ಎದೆಯಲ್ಲಿ ಇರಿಸಿಕೊಂಡದ್ದು ಮಾತ್ರ.

ಸಾಮಾನ್ಯ ವಿಶ್ವಾಸಿಗೂ ಕಂಠಪಾಠದ ಒಂದು ಕನಿಷ್ಠ ಕಡ್ಡಾಯವಿತ್ತು. ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷನಾದ ಅಗಸ್ಟೀನನು ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರಿಗೆ ವಿಶ್ವಾಸದ ಸಂಕ್ಷಿಪ್ತ ಪ್ರಮಾಣವನ್ನು ಬಾಯಿಂದಲೇ ಕಲಿಸುತ್ತಿದ್ದನು. ಅದನ್ನು ಬರೆದಿಡಬೇಡಿ, ಹೃದಯದಲ್ಲಿ ಇಟ್ಟುಕೊಳ್ಳಿ ಎಂಬುದು ಅವನ ಸೂಚನೆಯಾಗಿತ್ತು. ನಿಗದಿತ ದಿನದಂದು ಅವರು ಅದನ್ನು ಬಾಯಿಪಾಠವಾಗಿ ಒಪ್ಪಿಸಬೇಕಾಗಿತ್ತು.

ಸುಡಲಾಗದ ಗ್ರಂಥ

ಕ್ರಿ.ಶ. 303ರ ಫೆಬ್ರವರಿಯಲ್ಲಿ ರೋಮಿನ ಚಕ್ರವರ್ತಿ ಡಯೋಕ್ಲೀಶಿಯನ್ ಒಂದು ಶಾಸನವನ್ನು ಹೊರಡಿಸಿದನು. ಕ್ರೈಸ್ತರ ಆರಾಧನಾಲಯಗಳನ್ನು ಕೆಡವಬೇಕು, ಅವರ ಗ್ರಂಥಗಳನ್ನು ಬೆಂಕಿಗೆ ಹಾಕಬೇಕು ಎಂಬುದು ಅದರ ಆಜ್ಞೆ. ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಪ್ರಾಣ ಉಳಿಸಿಕೊಂಡವರಿದ್ದರು, ಒಪ್ಪಿಸದೆ ಪ್ರಾಣ ಕಳೆದುಕೊಂಡವರೂ ಇದ್ದರು. ಹತ್ತು ವರ್ಷಗಳ ಕಾಲ ನಡೆದ ಈ ಹಿಂಸೆಯನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫೆಲೆಸ್ತೀನಿನ ಕೈಸರಿಯಾದ ಚರಿತ್ರೆಕಾರ ಯೂಸೆಬಿಯಸ್.

ಅವನು ದಾಖಲಿಸಿದವರಲ್ಲಿ ಈಜಿಪ್ಟಿನ ಯೋಹಾನ್ ಎಂಬ ಕುರುಡನೊಬ್ಬನಿದ್ದಾನೆ. ಇಂದಿನ ಜೋರ್ಡಾನಿನಲ್ಲಿರುವ ಫೈನೋ ಎಂಬ ಸ್ಥಳದಲ್ಲಿ ಆಗ ತಾಮ್ರದ ಗಣಿಗಳಿದ್ದವು. ಶಿಕ್ಷೆಗೊಳಗಾದ ಕ್ರೈಸ್ತರನ್ನು ಆ ಗಣಿಗಳಿಗೆ ದೂಡಲಾಗುತ್ತಿತ್ತು. ಯೋಹಾನನು ಮೊದಲೇ ದೃಷ್ಟಿಯಿಲ್ಲದವನಾಗಿದ್ದರೂ ಹಿಂಸಕರು ಅವನ ಕಣ್ಣನ್ನು ಕಾದ ಕಬ್ಬಿಣದಿಂದ ಸುಟ್ಟಿದ್ದರು. ಅವನು ಸಭೆಯ ನಡುವೆ ನಿಂತು ಪವಿತ್ರ ಗ್ರಂಥದ ಭಾಗಗಳನ್ನು ಹೇಳುತ್ತಿದ್ದುದನ್ನು ಯೂಸೆಬಿಯಸ್ ಮೊದಲ ಬಾರಿ ದೂರದಿಂದ ಕೇಳಿದಾಗ, ಸಭೆಗಳಲ್ಲಿ ವಾಡಿಕೆಯಿರುವಂತೆ ಯಾರೋ ಗ್ರಂಥವನ್ನು ನೋಡಿ ಓದುತ್ತಿದ್ದಾರೆಂದೇ ಭಾವಿಸಿದನು. ಹತ್ತಿರ ಬಂದು ನೋಡಿದಾಗ, ಸುತ್ತ ನಿಂತಿದ್ದವರೆಲ್ಲರಿಗೂ ಕಣ್ಣಿತ್ತು, ಓದುತ್ತಿದ್ದವನಿಗೆ ಮಾತ್ರ ಕಣ್ಣಿರಲಿಲ್ಲ. ಆತನ ಹೃದಯವೇ ಹಾಳೆಯಾಗಿತ್ತು. ಕ್ರಿ.ಶ. 310ರಲ್ಲಿ ಒಂದೇ ದಿನ ಶಿರಚ್ಛೇದಕ್ಕೊಳಗಾದ 39 ಮಂದಿಯಲ್ಲಿ ಯೋಹಾನನೂ ಒಬ್ಬನಾದನು.

ಚಕ್ರವರ್ತಿಯ ಆಜ್ಞೆಯು ಚರ್ಮದ ಹಾಳೆಗಳನ್ನು ಸುಟ್ಟಿತು. ಆದರೆ ಗಣಿಯ ಕೂಲಿಯೊಬ್ಬನ ಎದೆಯಲ್ಲಿದ್ದ ಗ್ರಂಥವನ್ನು ಮುಟ್ಟಲು ಅದರಿಂದಾಗಲಿಲ್ಲ. ಈ ವೃತ್ತಾಂತವನ್ನು ಓದುವಾಗ ಸಹೀಹ್ ಮುಸ್ಲಿಮ್‌ನ ಒಂದು ಹದೀಸ್ ನೆನಪಾಗದಿರದು. ನೀರಿನಿಂದ ತೊಳೆದುಹೋಗದಂತಹ, ನಿದ್ರೆಯಲ್ಲೂ ಎಚ್ಚರದಲ್ಲೂ ಓದಬಹುದಾದಂತಹ ಗ್ರಂಥವನ್ನು ತನಗೆ ನೀಡಿರುವುದಾಗಿ ಅಲ್ಲಾಹನು ತಿಳಿಸಿದ್ದಾನೆಂದು ಪ್ರವಾದಿವರ್ಯರು(ಸ) ಅದರಲ್ಲಿ ಹೇಳಿದ್ದಾರೆ. ಈ ಕುರ್‌ಆನ್ ಜ್ಞಾನ ನೀಡಲಾದವರ ಎದೆಗಳಲ್ಲಿರುವ ಸ್ಪಷ್ಟ ವಚನಗಳೆಂದು ಸೂರಃ ಅಲ್ ಅನ್‌ಕಬೂತ್ ಹೇಳುತ್ತದೆ.

ನಮ್ಮ ಚರಿತ್ರೆಯಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಪರೀಕ್ಷೆ ಎದುರಾಯಿತು. ಯಮಾಮಾ ಯುದ್ಧದಲ್ಲಿ ಅನೇಕ ಕುರ್‌ಆನ್ ಪಾರಂಗತರು ಹುತಾತ್ಮರಾದಾಗ, ಎದೆಗಳೊಂದಿಗೆ ವಚನಗಳೂ ಮಣ್ಣು ಸೇರುವವೇನೋ ಎಂದು ಹಝ್ರತ್ ಉಮರ್(ರ)ರವರು ಆತಂಕಗೊಂಡರು. ಅವರ ಒತ್ತಾಯದ ಮೇರೆಗೆ ಖಲೀಫಾ ಅಬೂಬಕರ್(ರ)ರವರು ಝೈದ್ ಬಿನ್ ಸಾಬಿತ್(ರ)ರವರಿಗೆ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆಯನ್ನು ವಹಿಸಿದರು. ಅಲ್ಲಿ ಹಾಳೆ ಸುಟ್ಟಾಗ ಎದೆ ಕಾಯಿತು, ಇಲ್ಲಿ ಎದೆಗಳು ಸ್ತಬ್ಧವಾದಾಗ ಹಾಳೆ ಕಾಯಿತು.

ಚಾಪೆ ಹೆಣೆಯುವ ಕೈ, ವಚನ ಹೇಳುವ ನಾಲಿಗೆ

ಹಿಂಸೆಯ ಕಾಲ ಮುಗಿಯುತ್ತಿದ್ದಂತೆ ಕಂಠಪಾಠದ ನಿಜವಾದ ಪಾಠಶಾಲೆಯು ಈಜಿಪ್ಟಿನ ಮರುಭೂಮಿಯಲ್ಲಿ ತೆರೆಯಿತು. ಅಲ್ಲಿನ ಸನ್ಯಾಸಿಗಳಲ್ಲಿ ಪ್ರಸಿದ್ಧನಾದ ಆಂತೋನಿಯು ಗ್ರಂಥವನ್ನು ಓದುವಾಗ ಒಂದು ಮಾತೂ ನೆಲಕ್ಕೆ ಬೀಳದಂತೆ ಆಲಿಸುತ್ತಿದ್ದನೆಂದೂ, ಮುಂದೆ ಅವನ ನೆನಪೇ ಅವನಿಗೆ ಗ್ರಂಥವಾಯಿತೆಂದೂ ಅವನ ಚರಿತ್ರೆಯನ್ನು ಬರೆದ ಅಥನಾಸಿಯಸ್ ಹೇಳುತ್ತಾನೆ.

ಇದನ್ನು ಒಬ್ಬಿಬ್ಬರ ಸಾಧನೆಯಾಗಿ ಬಿಡದೆ ಒಂದು ವ್ಯವಸ್ಥೆಯನ್ನಾಗಿ ಮಾಡಿದವನು ಪಕೋಮಿಯಸ್. ರೋಮ್ ಸೈನ್ಯಕ್ಕೆ ಬಲವಂತವಾಗಿ ಸೇರಿಸಲ್ಪಟ್ಟಿದ್ದ ಈ ಯುವಕನು, ಬಂಧನದಲ್ಲಿದ್ದ ಸೈನಿಕರಿಗೆ ಅನ್ನವಿತ್ತು ಉಪಚರಿಸಿದ ಕ್ರೈಸ್ತರ ದಯೆಯನ್ನು ಕಂಡು ಆ ಧರ್ಮಕ್ಕೆ ಒಲಿದವನು. ನೈಲ್ ನದಿಯ ಮೇಲ್ದಂಡೆಯ ತಬೆನ್ನಿಸಿಯಲ್ಲಿ ಅವನು ಸ್ಥಾಪಿಸಿದ ಮಠದ ನಿಯಮಾವಳಿಯನ್ನು ಜೆರೋಮ್ ಎಂಬ ವಿದ್ವಾಂಸನು ಕ್ರಿ.ಶ. 404ರಲ್ಲಿ ಲ್ಯಾಟಿನ್ ಭಾಷೆಗೆ ತಂದನು. ಅದರ ಪ್ರಕಾರ, ಹೊಸದಾಗಿ ಸೇರಿದವನಿಗೆ ಮೊದಲು 20 ಕೀರ್ತನೆಗಳನ್ನು ಅಥವಾ ಎರಡು ಪತ್ರಿಕೆಗಳನ್ನು ಕಲಿಯಲು ಕೊಡಬೇಕು. ಅಕ್ಷರ ಬಾರದವನು ದಿನಕ್ಕೆ ಮೂರು ಬಾರಿ ಗುರುವಿನ ಮುಂದೆ ನಿಂತು ಅಕ್ಷರ ಕಲಿಯಬೇಕು. ಮನಸ್ಸಿಲ್ಲದಿದ್ದರೂ ಅವನಿಗೆ ಕಲಿಸಲೇಬೇಕು. ಕನಿಷ್ಠ ಪಕ್ಷ ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಕಂಠಸ್ಥಗೊಳಿಸದ ಒಬ್ಬನೂ ಮಠದಲ್ಲಿ ಇರಕೂಡದು. ರೈತರ ಮಕ್ಕಳೇ ಹೆಚ್ಚಾಗಿದ್ದ ಮಠದಲ್ಲಿ ವಿಧಿಸಿದ ನಿಯಮವಿದು.

ಕಂಠಸ್ಥಗೊಳಿಸಿದ ವಚನವನ್ನು ಅವರು ಪೆಟ್ಟಿಗೆಯಲ್ಲಿ ಇಡಲಿಲ್ಲ. ಪ್ರಾರ್ಥನಾಸಭೆಗೆ ನಡೆದು ಹೋಗುವಾಗ, ಊಟದ ಕೋಣೆಯಿಂದ ಮರಳುವಾಗ, ರೊಟ್ಟಿಯ ಹಿಟ್ಟನ್ನು ನಾದುವಾಗ ಹರಟೆಯ ಬದಲಾಗಿ ಮೆಲುದನಿಯಲ್ಲಿ ವಚನಗಳನ್ನು ಹೇಳಿಕೊಳ್ಳಬೇಕೆಂಬ ನಿಯಮವಿತ್ತು. ಕೈಗಳು ಚಾಪೆ, ಬುಟ್ಟಿಗಳನ್ನು ಹೆಣೆಯುತ್ತಿದ್ದರೆ ನಾಲಿಗೆಯು ವಚನವನ್ನು ಹೆಣೆಯುತ್ತಿತ್ತು. ಅವರ ಭಾಷೆಯಲ್ಲಿ ಧ್ಯಾನವೆಂದರೆ ಕಣ್ಣು ಮುಚ್ಚಿ ಮೌನವಾಗಿ ಕೂರುವುದಲ್ಲ. ಕಲಿತ ವಚನವನ್ನು ಹಸು ಮೆಲುಕು ಹಾಕುವಂತೆ ಮತ್ತೆ ಮತ್ತೆ ಬಾಯಲ್ಲಿ ತಿರುಗಿಸುವುದೇ ಧ್ಯಾನ. ನಮ್ಮ ಹಿರಿಯರು ಅಡಿಗೆಮನೆಯಲ್ಲೂ ಅಂಗಡಿಯಲ್ಲೂ ತುಟಿಯಾಡಿಸುತ್ತಿದ್ದ ಸೂರಃಗಳನ್ನು ಕಂಡವರಿಗೆ ಇದು ಅಪರಿಚಿತ ದೃಶ್ಯವಲ್ಲ.

ಸನ್ಯಾಸವನ್ನು ಅವರು ತಾವಾಗಿಯೇ ಹುಟ್ಟುಹಾಕಿದರು, ದೇವಸಂತೃಪ್ತಿಯ ಅಪೇಕ್ಷೆಯಿಂದ ಹಾಗೆ ಮಾಡಿದರು, ಆದರೆ ಅದನ್ನು ಪಾಲಿಸಬೇಕಾದ ರೀತಿಯಲ್ಲಿ ಪಾಲಿಸಲಿಲ್ಲ ಎಂಬುದು ಸೂರಃ ಅಲ್ ಹದೀದ್‌ನ ತೀರ್ಪು. ಸಂಸಾರವನ್ನು ತ್ಯಜಿಸುವ ಮಾರ್ಗ ನಮ್ಮದಲ್ಲ. ಆದರೆ ದುಡಿಮೆಯ ನಡುವೆ ವಚನವನ್ನು ಜೀವಂತವಾಗಿಡಲು ಮಠದ ಗೋಡೆ ಬೇಕಿಲ್ಲ. ಅದು ಸಂಸಾರಿಗೂ ಸಾಧ್ಯವೆಂಬುದಕ್ಕೆ ನಮ್ಮ ಸಹಾಬಿಗಳ ಮನೆಗಳೇ ಸಾಕ್ಷಿ.

ಬೆತ್ಲೆಹೇಮಿನ ಸ್ತ್ರೀಯರು

ಈ ಚರಿತ್ರೆಯಲ್ಲಿ ಸ್ತ್ರೀಯರ ಪಾಲು ದೊಡ್ಡದು. ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಪೌಲಾ ಎಂಬ ವಿಧವೆ ತನ್ನ ಐಶ್ವರ್ಯವನ್ನು ಬಿಟ್ಟು, ಮಗಳಾದ ಯೂಸ್ಟೋಕಿಯಂಳೊಂದಿಗೆ ಬೆತ್ಲೆಹೇಮಿಗೆ ಬಂದು ನೆಲೆಸಿದಳು. ಅಲ್ಲಿ ಸ್ತ್ರೀಯರಿಗಾಗಿ ಅವಳು ಮಠಗಳನ್ನು ಕಟ್ಟಿಸಿದಳು. ಕೀರ್ತನೆಗಳು ಬಾರದ ಒಬ್ಬಳೂ ಅಲ್ಲಿ ಇರುವಂತಿರಲಿಲ್ಲ. ಅದರ ಜೊತೆಗೆ ಪ್ರತಿಯೊಬ್ಬಳೂ ಪ್ರತಿದಿನ ಪವಿತ್ರ ಗ್ರಂಥದ ಒಂದು ಭಾಗವನ್ನು ಕಲಿಯಬೇಕಾಗಿತ್ತು. ಸ್ವತಃ ಪೌಲಾ ಗ್ರಂಥವನ್ನು ಕಂಠಸ್ಥಗೊಳಿಸಿದ್ದಳು. ಅಷ್ಟಕ್ಕೇ ತೃಪ್ತಳಾಗದೆ, ಕೀರ್ತನೆಗಳನ್ನು ಮೂಲಭಾಷೆಯಲ್ಲೇ ಹಾಡಬೇಕೆಂಬ ಹಂಬಲದಿಂದ ಹೀಬ್ರೂ ಭಾಷೆಯನ್ನು ಕಲಿತಳು. ಅವಳ ಉಚ್ಚಾರಣೆಯಲ್ಲಿ ಲ್ಯಾಟಿನ್ನಿನ ಛಾಯೆಯೇ ಇರಲಿಲ್ಲವೆಂದು, ಆ ಭಾಷೆಯನ್ನು ಬಹುಕಷ್ಟದಿಂದ ಕಲಿತಿದ್ದ ಜೆರೋಮ್ ಬೆರಗಿನಿಂದ ಬರೆದಿದ್ದಾನೆ. ಕ್ರಿ.ಶ. 404ರಲ್ಲಿ ಅವಳು ಬೆತ್ಲೆಹೇಮಿನಲ್ಲೇ ನಿಧನಳಾದಳು.

ಪೌಲಾಳ ಮೊಮ್ಮಗಳು ರೋಮಿನಲ್ಲಿ ಹುಟ್ಟಿದಾಗ ಅವಳ ತಾಯಿಯು ಮಗಳನ್ನು ಹೇಗೆ ಬೆಳೆಸಬೇಕೆಂದು ಜೆರೋಮನ ಸಲಹೆ ಕೇಳಿದಳು. ಮಗುವಿಗೆ ದಂತದ ಅಥವಾ ಮರದ ಅಕ್ಷರಗಳನ್ನು ಮಾಡಿಕೊಟ್ಟು ಆಟದಲ್ಲೇ ಕಲಿಸಬೇಕು, ಕಲಿಕೆಯ ಬಗ್ಗೆ ಬಾಲ್ಯದಲ್ಲಿ ಅಸಹ್ಯ ಹುಟ್ಟಿದರೆ ಅದು ದೊಡ್ಡವಳಾದ ಮೇಲೂ ಉಳಿಯುತ್ತದೆ, ಮೊದಲು ಕೀರ್ತನೆಗಳನ್ನು ಕಲಿಸಬೇಕು, ಪ್ರತಿದಿನ ಗ್ರಂಥದಿಂದ ಕಲಿತದ್ದನ್ನು ಒಪ್ಪಿಸಿಕೊಳ್ಳಬೇಕು ಎಂದು ಅವನು ಪತ್ರ ಬರೆದನು. ಹದಿನಾರು ಶತಮಾನಗಳ ಹಿಂದಿನ ಆ ಪತ್ರದಲ್ಲಿ, ಮಕ್ಕಳಿಗೆ ಸೂರಃ ಕಲಿಸುವ ಇಂದಿನ ತಾಯಂದಿರಿಗೂ ಪಾಠವಿದೆ.

ತುಂಬಿದ್ದೇ ಉಕ್ಕುವುದು

ಕಂಠಪಾಠವು ಆರಾಧನೆಯನ್ನು ಆಳಗೊಳಿಸುವುದಾದರೂ ಹೇಗೆ? ಈ ಪ್ರಶ್ನೆಗೆ ಆ ಪರಂಪರೆಯೊಳಗಿನಿಂದಲೇ ಸ್ಪಷ್ಟ ಉತ್ತರ ನೀಡಿದವನು ಜಾನ್ ಕ್ಯಾಸಿಯನ್. ಈಜಿಪ್ಟಿನ ಮರುಭೂಮಿಯಲ್ಲಿ ವರ್ಷಗಟ್ಟಲೆ ಹಿರಿಯ ಸನ್ಯಾಸಿಗಳೊಂದಿಗಿದ್ದು, ಬಳಿಕ ಇಂದಿನ ಫ್ರಾನ್ಸಿನ ಮಾರ್ಸೆಲ್ಸ್‌ನಲ್ಲಿ ನೆಲೆಸಿ, ತಾನು ಕೇಳಿದ ಸಂವಾದಗಳನ್ನು ಅವನು ಬರೆದಿಟ್ಟನು.

ನೆಸ್ತೆರೋಸ್ ಎಂಬ ಹಿರಿಯನ ಮುಂದೆ ಕ್ಯಾಸಿಯನ್ ತನ್ನ ಸಂಕಟವನ್ನು ತೋಡಿಕೊಳ್ಳುತ್ತಾನೆ. ಬಾಲ್ಯದಲ್ಲಿ ಗುರುಗಳು ಕಲಿಸಿದ ಕವಿಗಳ ಹಾಡುಗಳು, ಯುದ್ಧದ ಕತೆಗಳು ಮನಸ್ಸಿನಲ್ಲಿ ತುಂಬಿಕೊಂಡಿವೆ. ಕೀರ್ತನೆ ಹಾಡುವಾಗಲೂ ಪಾಪಗಳಿಗೆ ಕ್ಷಮೆ ಬೇಡುವಾಗಲೂ ಅವೇ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಕಣ್ಣೀರು ಸುರಿಸಿದರೂ ಅವು ತೊಲಗುವುದಿಲ್ಲ. ಹಿರಿಯನ ಉತ್ತರ ಸರಳವಾಗಿತ್ತು: ಮನಸ್ಸು ಖಾಲಿ ಇರಲಾರದು. ಆ ಹಾಡುಗಳನ್ನು ಕಲಿಯಲು ಎಷ್ಟು ಶ್ರಮಪಟ್ಟೆಯೋ ಅಷ್ಟೇ ಶ್ರಮದಿಂದ ಪವಿತ್ರ ಗ್ರಂಥವನ್ನು ತುಂಬಿಕೊ, ಆಗ ಹಳೆಯದು ತಾನಾಗಿ ಜಾಗ ಬಿಡುತ್ತದೆ.

ಅದೇ ಸಂವಾದದಲ್ಲಿ ಇನ್ನೊಂದು ಮಾತಿದೆ. ಕಂಠಪಾಠ ಮಾಡುವ ಹೊತ್ತಿನಲ್ಲಿ ಅರ್ಥವಾಗದ ಎಷ್ಟೋ ವಚನಗಳು, ದಿನದ ಗದ್ದಲವೆಲ್ಲ ಅಡಗಿದ ರಾತ್ರಿಯ ಮೌನದಲ್ಲಿ ತಾವಾಗಿ ತೆರೆದುಕೊಳ್ಳುತ್ತವೆ. ಪುಸ್ತಕದಲ್ಲಿರುವ ವಚನವು ಪುಸ್ತಕ ತೆರೆದಾಗ ಮಾತ್ರ ಮಾತಾಡುತ್ತದೆ. ಎದೆಯಲ್ಲಿರುವ ವಚನವು ತನಗೆ ಬೇಕಾದಾಗ, ಕೇಳುವವನಿಗೆ ಅಗತ್ಯವಿದ್ದಾಗ ಮಾತಾಡುತ್ತದೆ. ದುಃಖ ಬಂದ ದಿನ, ಪಾಪಕ್ಕೆ ಕೈಚಾಚಿದ ಗಳಿಗೆ, ಪ್ರೀತಿಪಾತ್ರರ ಜನಾಝದ ಮುಂದೆ ನಿಂತಾಗ ಎಂದೋ ಕಲಿತ ವಚನವೊಂದು ಎದ್ದು ಬರುವ ಅನುಭವವು ಹಾಫಿಝ್‌ಗಳಿಗೆ ಮಾತ್ರವಲ್ಲ, ನಾಲ್ಕು ಸೂರಃ ಬಲ್ಲ ಸಾಮಾನ್ಯನಿಗೂ ಇದೆ.

ನಮಾಝಿನಲ್ಲಿ ಕೈಕಟ್ಟಿದೊಡನೆ ಮೊಬೈಲಿನಲ್ಲಿ ಕೇಳಿದ ಹಾಡು, ನೋಡಿದ ದೃಶ್ಯ, ಓದಿದ ಜಗಳ ತಲೆಯೊಳಗೆ ಸುತ್ತತೊಡಗುವುದೆಂದು ದೂರುವ ಯುವಕರು ಇಂದು ಬಹಳ. ಕ್ಯಾಸಿಯನ್ ತೋಡಿಕೊಂಡ ಸಂಕಟ ಇದೇ ಅಲ್ಲವೇ? ಹಗಲಿಡೀ ಮನಸ್ಸಿಗೆ ಉಣಿಸಿದ್ದೇ ನಮಾಝಿನಲ್ಲಿ ಮೇಲೆದ್ದು ಬರುವುದು.

ಒಂದು ವಚನಕ್ಕೆ ಹತ್ತೊಂಬತ್ತು ವರ್ಷ

ಆದರೆ ಆ ಮರುಭೂಮಿಯ ಹಿರಿಯರು ಕೇವಲ ಪ್ರಮಾಣವನ್ನು ಮೆಚ್ಚಿದವರಲ್ಲ. ಮನಸ್ಸು ಚದುರಿ ಇಡೀ ಕೀರ್ತನೆಯನ್ನು ಸುರಿದುಬಿಡುವುದಕ್ಕಿಂತ ಅರ್ಥವರಿತು ಹತ್ತು ಸಾಲುಗಳನ್ನು ಹೇಳುವುದು ಮೇಲು ಎಂಬುದು ಅವರ ನಂಬಿಕೆಯಾಗಿತ್ತೆಂದು ಕ್ಯಾಸಿಯನ್ ಬರೆಯುತ್ತಾನೆ. ಪ್ರತಿಯೊಂದು ಕೀರ್ತನೆಯ ಬಳಿಕ ಅವರು ಎದ್ದು ಮೌನವಾಗಿ ಪ್ರಾರ್ಥಿಸಿ, ಸಾಷ್ಟಾಂಗವೆರಗಿ, ಮತ್ತೆ ಮುಂದುವರಿಯುತ್ತಿದ್ದರು.

ಪಾಂಬೋ ಎಂಬ ಅನಕ್ಷರಸ್ಥ ಸನ್ಯಾಸಿಯ ಕತೆಯನ್ನು ಐದನೆಯ ಶತಮಾನದ ಚರಿತ್ರೆಕಾರ ಸಾಕ್ರಟಿಸ್ ದಾಖಲಿಸಿದ್ದಾನೆ. ಕೀರ್ತನೆ ಕಲಿಯಲು ಪಾಂಬೋ ಒಬ್ಬನ ಬಳಿ ಹೋದನು. ನಾಲಿಗೆಯಿಂದ ಪಾಪವಾಗದಂತೆ ನಡತೆಯನ್ನು ಕಾಯ್ದುಕೊಳ್ಳುವ ಸಂಕಲ್ಪದ ಮೊದಲ ವಚನವನ್ನು ಕೇಳಿದೊಡನೆ, ಇದನ್ನು ನಡೆಸಿ ತೋರಿಸಲು ಸಾಧ್ಯವಾದರೆ ಇಷ್ಟೇ ಸಾಕು ಎಂದು ಎದ್ದು ಹೋದನು. ಆರು ತಿಂಗಳು ಕಳೆದರೂ ಏಕೆ ಬರಲಿಲ್ಲವೆಂದು ಗುರು ಆಕ್ಷೇಪಿಸಿದಾಗ, ಆ ವಚನವನ್ನೇ ಇನ್ನೂ ಕೃತಿಯಲ್ಲಿ ಕಲಿತಿಲ್ಲವೆಂದನು. ಬಹುಕಾಲದ ನಂತರ ಪರಿಚಿತನೊಬ್ಬನು ವಿಚಾರಿಸಿದಾಗ, 19 ವರ್ಷಗಳಲ್ಲಿ ಕಷ್ಟಪಟ್ಟು ಅದನ್ನು ಕಲಿತೆನೆಂದು ಉತ್ತರಿಸಿದನು.

ಇದನ್ನು ಓದುವ ಮುಸ್ಲಿಮನಿಗೆ ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ)ರವರು ಕೂಡಲೇ ನೆನಪಾಗುತ್ತಾರೆ. ಸೂರಃ ಅಲ್ ಬಕರಃವನ್ನು ಕಲಿಯಲು ಅವರು 8 ವರ್ಷಗಳನ್ನು ತೆಗೆದುಕೊಂಡರೆಂದು ಇಮಾಮ್ ಮಾಲಿಕ್(ರಹ್)ರವರ ಮುವತ್ತಾ ಹೇಳುತ್ತದೆ. ಅರಬಿ ಅವರ ಮಾತೃಭಾಷೆ, ನೆನಪಿನ ಶಕ್ತಿಗೆ ಕೊರತೆಯಿರಲಿಲ್ಲ. ಆದರೂ 8 ವರ್ಷ ಬೇಕಾಯಿತು. ಹತ್ತು ವಚನಗಳನ್ನು ಕಲಿತರೆ ಅವುಗಳಲ್ಲಿರುವ ಜ್ಞಾನವನ್ನೂ ಕರ್ಮವನ್ನೂ ಅರಿಯುವವರೆಗೆ ಸಹಾಬಿಗಳು ಮುಂದಿನ ವಚನಗಳಿಗೆ ಹೋಗುತ್ತಿರಲಿಲ್ಲವೆಂದು ಅವರ ಶಿಷ್ಯರಾದ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿಯವರು ವರದಿ ಮಾಡಿದ್ದಾರೆ.

ನಿಯಮವಾದ ನೆನಪು

ಮರುಭೂಮಿಯ ಈ ರೂಢಿಯು ಕ್ರಮೇಣ ಇಡೀ ಕ್ರೈಸ್ತ ಜಗತ್ತಿನ ನಿಯಮವಾಯಿತು. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ರಚಿಸಿದ ಮಠದ ನಿಯಮದಲ್ಲಿ ವಾರಕ್ಕೊಮ್ಮೆ ಎಲ್ಲ 150 ಕೀರ್ತನೆಗಳೂ ಮುಗಿಯಬೇಕೆಂದಿದೆ. ರಾತ್ರಿಯ ಪ್ರಾರ್ಥನೆಯ ನಂತರ ಉಳಿಯುವ ಸಮಯವನ್ನು ಕೀರ್ತನೆಗಳು ಸರಿಯಾಗಿ ಬಾರದವರು ಕಲಿಯಲು ಬಳಸಬೇಕೆಂದೂ ಅದರಲ್ಲಿದೆ. ಕ್ರಿ.ಶ. 787ರಲ್ಲಿ ನಿಕೇಯಾದಲ್ಲಿ ನಡೆದ ಎರಡನೆಯ ಮಹಾಸಭೆಯು, ಕೀರ್ತನೆಗಳ ಗ್ರಂಥವನ್ನು ಪೂರ್ಣವಾಗಿ ಬಲ್ಲವನೇ ಧರ್ಮಾಧ್ಯಕ್ಷನಾಗಬೇಕೆಂದು ವಿಧಿಸಿತು. ಅವನು ಗ್ರಂಥವನ್ನು ಮೇಲಿಂದ ಮೇಲೆ ಓದದೆ ಶೋಧಿಸಿ ಓದುವವನೇ, ಅದರಂತೆ ನಡೆಯುವವನೇ ಎಂದು ಪರೀಕ್ಷಿಸಬೇಕೆಂದೂ ಅದು ಹೇಳಿತು. ಬಗ್ದಾದಿನಲ್ಲಿ ಹಾರೂನ್ ರಶೀದ್ ಖಲೀಫಾ ಪದವಿಗೇರಿದ ಮರುವರ್ಷವದು.

ಮಠ, ಪೀಠಗಳ ಹೊರಗೂ ಈ ಪರಂಪರೆ ಜೀವಂತವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಹುಟ್ಟಿದ ವಾಲ್ಡೆನ್ಸಿಯನ್ ಪಂಥದವರು ಗ್ರಂಥವನ್ನು ಜನಭಾಷೆಯಲ್ಲಿ ಕಲಿತು, ಊರೂರು ಅಲೆದು ಹೇಳುತ್ತಿದ್ದರು. ಚರ್ಚು ಅವರನ್ನು ಪಂಥದ್ರೋಹಿಗಳೆಂದು ಬೇಟೆಯಾಡಿತು. ಹದಿಮೂರನೆಯ ಶತಮಾನದಲ್ಲಿ ಅವರನ್ನು ವಿರೋಧಿಸಿ ಬರೆದವನೊಬ್ಬನು, ಅಕ್ಷರ ಬಾರದ ಹಳ್ಳಿಗನೊಬ್ಬ ಅಯ್ಯೂಬರ ಗ್ರಂಥವನ್ನು ಅಕ್ಷರ ಬಿಡದೆ ಹೇಳಿದ್ದನ್ನೂ, ಇಡೀ ಹೊಸ ಒಡಂಬಡಿಕೆಯನ್ನು ಬಲ್ಲವರಿದ್ದುದನ್ನೂ ದಾಖಲಿಸಿದ್ದಾನೆ. ವಿರೋಧಿಯೇ ನೀಡಿದ ಸಾಕ್ಷ್ಯಕ್ಕೆ ತೂಕ ಹೆಚ್ಚು.

ನಜ್ಜಾಶಿಯವರ ನಾಡಿನಲ್ಲಿ, ಇಂದಿನ ಇಥಿಯೋಪಿಯಾದಲ್ಲಿ, ಚರ್ಚಿನ ಸಾಂಪ್ರದಾಯಿಕ ಶಾಲೆಗಳು ಇಂದಿಗೂ ಮಕ್ಕಳಿಗೆ ದಾವೂದರ ಕೀರ್ತನೆಗಳನ್ನು ಗೀಝ್ ಭಾಷೆಯಲ್ಲಿ ಕಲಿಸುತ್ತವೆ. ಗೀಝ್ ಯಾರ ಮನೆಮಾತೂ ಅಲ್ಲ. ಮನೆಯಲ್ಲಿ ಅಮ್ಹಾರಿಕ್ ಅಥವಾ ತಿಗ್ರಿನ್ಯಾ ಮಾತಾಡುವ ಮಗು ಅರ್ಥ ತಿಳಿಯುವ ಮೊದಲೇ ಗೀಝ್‌ನ ನಾದವನ್ನು ಕಲಿಯುತ್ತದೆ. ಮನೆಯಲ್ಲಿ ಬ್ಯಾರಿ, ಉರ್ದು, ನವಾಯತಿ ಅಥವಾ ಕನ್ನಡ ಮಾತಾಡಿ ಮದ್ರಸದಲ್ಲಿ ಅರಬಿ ಓದುವ ನಮ್ಮ ಮಕ್ಕಳಿಗೆ ಆ ಮಕ್ಕಳು ಎಷ್ಟು ಸಮೀಪದವರು!

ಬಹುಮಾನದ ಚೀಟಿಗಳು

ಹದಿನೈದನೆಯ ಶತಮಾನದ ನಡುವಿನಲ್ಲಿ ಗುಟೆನ್‌ಬರ್ಗ್ ಅಚ್ಚಿನ ಮೊಳೆಗಳಿಂದ ಬೈಬಲ್ ಮುದ್ರಿಸಿದ ಮೇಲೆ ಗ್ರಂಥವು ಕ್ರಮೇಣ ಮನೆಮನೆಗೆ ತಲುಪಿತು. ಅದೊಂದು ಮಹದುಪಕಾರ. ಆದರೆ ಕಪಾಟಿನಲ್ಲಿ ಗ್ರಂಥವಿದ್ದಾಗ ಎದೆಯಲ್ಲಿ ಇಟ್ಟುಕೊಳ್ಳುವ ತುರ್ತು ಕಡಿಮೆಯಾಗುವುದೂ ಸಹಜ. ಹತ್ತೊಂಬತ್ತನೆಯ ಶತಮಾನದ ಭಾನುವಾರದ ಶಾಲೆಗಳಲ್ಲಿ ಮಕ್ಕಳನ್ನು ಮತ್ತೆ ಕಂಠಪಾಠಕ್ಕೆ ಒಲಿಸಲು ಬಹುಮಾನಗಳನ್ನು ಬಳಸಲಾಯಿತು. ಇದು ಹೇಗೆ ಹಳಿ ತಪ್ಪಬಹುದೆಂಬುದನ್ನು ಅಮೆರಿಕದ ಮಾರ್ಕ್ ಟ್ವೈನ್ 1876ರಲ್ಲಿ ಪ್ರಕಟವಾದ ಟಾಮ್ ಸಾಯರ್ ಕಾದಂಬರಿಯಲ್ಲಿ ಚಿತ್ರಿಸಿದ್ದಾನೆ. ಎರಡು ವಚನ ಒಪ್ಪಿಸಿದರೆ ಒಂದು ನೀಲಿ ಚೀಟಿ, ಹತ್ತು ನೀಲಿಗೆ ಒಂದು ಕೆಂಪು, ಹತ್ತು ಕೆಂಪಿಗೆ ಒಂದು ಹಳದಿ, ಹತ್ತು ಹಳದಿಗೆ ಒಂದು ಬೈಬಲ್. ಅಂದರೆ 2000 ವಚನಗಳು. ಟಾಮ್ ಎಂಬ ತುಂಟನು ತನ್ನ ಆಟಿಕೆಗಳನ್ನು ಕೊಟ್ಟು ಚೀಟಿಗಳನ್ನು ಕೊಂಡು ಬಹುಮಾನ ಗಿಟ್ಟಿಸುತ್ತಾನೆ. ಮೊದಲ ಇಬ್ಬರು ಶಿಷ್ಯರ ಹೆಸರು ಕೇಳಿದಾಗ ದಾವೂದ್ ಮತ್ತು ಜಾಲೂತ್ ಎಂದುಬಿಡುತ್ತಾನೆ. ಕತೆಯಲ್ಲಿ ಇನ್ನೊಬ್ಬ ಹುಡುಗನಿದ್ದಾನೆ. ಅವನು ನಿಲ್ಲಿಸದೆ 3000 ವಚನಗಳನ್ನು ಒಪ್ಪಿಸಿ ಬುದ್ಧಿಯ ಸ್ವಾಸ್ಥ್ಯವನ್ನೇ ಕಳೆದುಕೊಂಡವನು.

ಇದು ಕಾದಂಬರಿಯೇ ಹೊರತು ಚರಿತ್ರೆಯಲ್ಲ. ಆದರೆ ನಗು ಮುಗಿದ ಮೇಲೆ ನಮ್ಮತ್ತಲೂ ನೋಡಿಕೊಳ್ಳಬೇಕು. ಮದ್ರಸದಲ್ಲಿ ಬೋಧಿಸುವ ನಮ್ಮನ್ನು ಹೆತ್ತವರು ಎಷ್ಟು ಜುಝ್ ಆಯಿತೆಂದು ಕೇಳುತ್ತಾರೆ. ಮಗನು ತನ್ನ ನಮಾಝಿನಲ್ಲಿ ಯಾವ ವಚನದ ಬಳಿ ನಿಧಾನವಾಗುತ್ತಾನೆಂದು ಕೇಳುವವರು ಅಪರೂಪ. ಕಿರಾಅತ್ ಸ್ಪರ್ಧೆ, ಶಾಲು, ಫಲಕ, ಭಾವಚಿತ್ರಗಳಲ್ಲಿ ಸ್ವತಃ ದೋಷವಿಲ್ಲ. ಮಕ್ಕಳಿಗೆ ಪ್ರೋತ್ಸಾಹ ಬೇಕು. ಆದರೆ ಕಾರೀ ಎನಿಸಿಕೊಳ್ಳಲೆಂದೇ ಓದಿದವನು, ಅಂತ್ಯದಿನದಂದು ಮೊದಲು ತೀರ್ಪಿಗೊಳಗಾಗಿ ನರಕಕ್ಕೆ ಎಳೆಯಲ್ಪಡುವ ಮೂವರಲ್ಲಿ ಒಬ್ಬನೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯು ಸಹೀಹ್ ಮುಸ್ಲಿಮ್‌ನಲ್ಲಿದೆ. ತೌರಾತನ್ನು ಹೊರಿಸಲ್ಪಟ್ಟು ಅದನ್ನು ಹೊರದೇ ಹೋದವರನ್ನು ಸೂರಃ ಅಲ್ ಜುಮುಅಃ ಗ್ರಂಥಗಳ ಹೊರೆ ಹೊತ್ತ ಕತ್ತೆಗೆ ಹೋಲಿಸಿದೆ. ಆ ಉಪಮೆಯನ್ನು ಪರರಿಗೆ ಮಾತ್ರ ಮೀಸಲಿಟ್ಟು ಓದುವುದು ಜಾಣತನವಲ್ಲ.

ನಮ್ಮ ಪಾಲಿಗೆ ಉಳಿಯುವುದು

ಈ ಎರಡು ಪರಂಪರೆಗಳ ನಡುವಿನ ವ್ಯತ್ಯಾಸವನ್ನು ಮರೆಮಾಚಬೇಕಾಗಿಲ್ಲ. ಕ್ರೈಸ್ತರ ಕಂಠಪಾಠವು ಬಹುಮಟ್ಟಿಗೆ ಕೀರ್ತನೆಗಳ ಸುತ್ತ, ಬಹುಮಟ್ಟಿಗೆ ಅನುವಾದಗಳಲ್ಲಿ ನಡೆದುಬಂತು. ಕುರ್‌ಆನ್ ಅವತೀರ್ಣಗೊಂಡ ಭಾಷೆಯಲ್ಲೇ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಸನದ್‌ನ ಸರಪಳಿ ಕಡಿಯದಂತೆ ಪೂರ್ಣವಾಗಿ ಇಳಿದುಬಂತು. ಫಾತಿಹಾ ಇಲ್ಲದೆ ನಮಾಝಿಲ್ಲವಾದುದರಿಂದ ನಮ್ಮಲ್ಲಿ ಪ್ರತಿಯೊಬ್ಬ ನಮಾಝಿಯೂ ಅಷ್ಟರಮಟ್ಟಿಗೆ ಹಾಫಿಝನೇ. ಈ ಅನುಗ್ರಹ ದೊಡ್ಡದು. ಅದಕ್ಕೆ ತಕ್ಕಂತೆ ಹೊಣೆಯೂ ದೊಡ್ಡದು.

ಹೊಣೆಯೆಂದರೆ ಹೆಚ್ಚೇನಲ್ಲ. ರಮಝಾನಿನ ತರಾವೀಹ್‌ನಲ್ಲಿ ಬೇಗ ಮುಗಿಸುವ ಇಮಾಮರನ್ನು ಹುಡುಕಿ ಹೋಗುವ ಬದಲು, ನಿಧಾನವಾಗಿ ಸ್ಪಷ್ಟವಾಗಿ ಓದಬೇಕೆಂಬ ಸೂರಃ ಅಲ್ ಮುಝ್ಝಮ್ಮಿಲ್‌ನ ಆದೇಶಕ್ಕೆ ಮಸೀದಿಯಲ್ಲಿ ಜಾಗ ಮಾಡಿಕೊಡೋಣ. ಹಿಫ್ಝ್ ಮುಗಿಸಿದ ಮಗನು ಅದನ್ನು ತನ್ನ ಸುನ್ನತ್ ನಮಾಝ್‌ಗಳಲ್ಲಿ ಓದಿ ಉಳಿಸಿಕೊಳ್ಳಲು ಮನೆಯವರು ನೆರವಾಗೋಣ. ಕಟ್ಟಿಹಾಕಿದ ಒಂಟೆಗಿಂತಲೂ ಬೇಗನೆ ಕುರ್‌ಆನ್ ಎದೆಯಿಂದ ಬಿಡಿಸಿಕೊಂಡು ಹೋಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾಫಿಝ್ ಇಲ್ಲದ ಮನೆಯಲ್ಲೂ ವರ್ಷಕ್ಕೊಂದು ಸೂರಃವನ್ನು ತಂದೆ, ತಾಯಿ, ಮಕ್ಕಳು ಜೊತೆಯಾಗಿ ಕಲಿಯಬಹುದು. ದಿನಕ್ಕೊಂದು ವಚನದ ಕನ್ನಡ ಅರ್ಥವನ್ನು ಓದಿ, ಅಂದಿನ ಇಶಾ ನಮಾಝಿನಲ್ಲಿ ಆ ವಚನವನ್ನೇ ಓದಬಹುದು. ಅರ್ಥವರಿತ ಹತ್ತು ವಚನಗಳೊಂದಿಗೆ ನಿಂತ ನಮಾಝ್‌ಗೂ, ಅಭ್ಯಾಸಬಲದಿಂದ ಅದೇ ಎರಡು ಸಣ್ಣ ಸೂರಃಗಳನ್ನು ಉರುಳಿಸಿದ ನಮಾಝ್‌ಗೂ ಇರುವ ಅಂತರವನ್ನು ನಿಂತವನೇ ಬಲ್ಲ.

ನಾಳೆ ಕಣ್ಣು ಮಂಜಾಗಬಹುದು, ಕೈ ನಡುಗಬಹುದು, ಹಾಸಿಗೆಯಿಂದ ಏಳಲಾಗದೆ ಹೋಗಬಹುದು. ಅಂದು ಕಪಾಟಿನ ಮುಸ್‌ಹಫ್ ದೂರವಾಗುತ್ತದೆ, ಮೊಬೈಲಿನ ಪರದೆಯೂ ಕಾಣದಾಗುತ್ತದೆ. ಜೊತೆಗಿರುವುದು ಆರೋಗ್ಯವಿದ್ದಾಗ ನಮಾಝಿನಲ್ಲಿ ಓದಿ ಓದಿ ಎದೆಗಿಳಿಸಿಕೊಂಡ ವಚನ ಮಾತ್ರ. ಕುರ್‌ಆನನ್ನು ನಮ್ಮ ಹೃದಯಗಳ ವಸಂತವಾಗಿಯೂ ನಮ್ಮ ಎದೆಗಳ ಬೆಳಕಾಗಿಯೂ ಮಾಡಲಿ, ಕಲಿತದ್ದನ್ನು ಉಳಿಸಿಕೊಳ್ಳುವ ಹಾಗೂ ಅದರಂತೆ ಬದುಕುವ ಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.